ಸೇತುವೆ ಕೆಳಗಿನ ನೀರುನಾಯಿ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿದ ಕೂಡಲೇ ನಿನ್ನ ಎದೆ ಧಸಕ್ಕೆಂದಿರುತ್ತದೆ. ಕೈಯಲ್ಲಿ ಫೋನಿರುವಾಗ ಕಾಗದ ಬರೆಯುವಂಥದ್ದು ಏನು ಬಂತಪ್ಪಾ ಇವಳಿಗೆ ಎಂದು ಬಾಗಿಲಲ್ಲೇ ನಿಂತು ಓದುತ್ತಿದ್ದೀಯ. ಮೊದಲು ಒಳಗೆ ಹೋಗಿ ಕುಳಿತುಕೋ. ಯಾರಿಗೂ ಏನೂ ಆಗಿಲ್ಲ. ನಾನೂ ಇವರೂ ಚೆನ್ನಾಗಿದ್ದೇವೆ. ಅಂದರೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೇವೆ, ಕೆಲಸಕ್ಕೆ ಹೋಗಿ ಬರುತ್ತೇವೆ.

ಫೋನಿನಲ್ಲಿ ಹೇಳೋಣವೆಂದರೆ ನೀನು ಅರ್ಧದಲ್ಲೇ ತಡೆದು, "ಬಿಡೇ, ಎಲ್ಲದರಲ್ಲೂ ಹುಳುಕು ಹುಡುಕೋದು ನಿನ್ನ ಹುಟ್ಟುಗುಣ" ಅನ್ನುತ್ತೀಯ. ಈ ಸಲ ಪೂರ್ತಿ ಕೇಳಿಸಿಕೊಳ್ಳಬೇಕು. ಅಲ್ಲದೆ ಈ ಮನೆಯ ಗೋಡೆಗಳು ಬಹಳ ತೆಳು. ನಾನು ಹೇಳಬೇಕಾಗಿರುವುದು ಇವರ ವಿಷಯವೇ.

ಕಳೆದ ವಾರ ನೀನು ಕೇಳಿದೆಯಲ್ಲ, ಮಗಳು ಚಿಕ್ಕಮ್ಮನ ದಾರೀನೇ ಹಿಡೀತೀನಿ ಅಂತ ಹಟ ಹಿಡಿದಿದ್ದಾಳೆ, ಪತ್ರಿಕೆಯಲ್ಲಿ ಬಂದ ನನ್ನ ಚಿತ್ರ ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿದ್ದಾಳೆ, ಓದೋಕೆ ಕಳಿಸಲಾ ಬೇಡವಾ ಎಂದು. ನಾನು "ಆಮೇಲೆ ಹೇಳ್ತೀನಿ" ಎಂದು ಫೋನಿಟ್ಟೆ. ನಿನಗೆ ಬೇಜಾರಾಗಿರಬೇಕು. ಆದರೆ ಆ ಚಿತ್ರದ ಹಿಂದೆ ಏನಿದೆಯೆಂದು ಹೇಳದೆ ಕಳಿಸು ಅನ್ನುವುದು ಹೇಗೆ, ಬೇಡ ಅನ್ನುವುದು ಹೇಗೆ?

ನನ್ನ ಕೆಲಸ ಹೇಗಿದೆಯೆಂದು ನಿಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಭಾವ ಎಲ್ಲರ ಮುಂದೆ "ನಮ್ಮ ನಾದಿನಿ ಪ್ರೊಫೆಸರ್" ಅನ್ನುತ್ತಾರೆ. ನಾನು ಪ್ರೊಫೆಸರ್ ಅಲ್ಲ ಅಕ್ಕ. ವರ್ಷ ವರ್ಷವೂ ಮುಂದುವರಿಸುತ್ತಾರೋ ಇಲ್ಲವೋ ಎಂದು ಕಾಯುವ ತಾತ್ಕಾಲಿಕ ಅಧ್ಯಾಪಕಿ. ಮೆಟ್ಟಿಲ ಕೆಳಗಿನ ಕೋಣೆ ನನ್ನದು. ಅದರಲ್ಲಿ ಒಂದು ಮೇಜು, ಗೊರಗೊರ ಸದ್ದು ಮಾಡುವ ಒಂದು ಫ್ರೀಜರ್, ಅದರೊಳಗೆ ಪ್ರಾಣಿಗಳ ಹಿಕ್ಕೆ ತುಂಬಿದ ಪುಟ್ಟ ಪುಟ್ಟ ಡಬ್ಬಿಗಳು. ಹೊಸ ವಿದ್ಯಾರ್ಥಿಗಳು ಮೊದಲ ದಿನ ಮೂಗು ಮುಚ್ಚಿಕೊಂಡು ಬರುತ್ತಾರೆ, ಎರಡನೇ ವರ್ಷದ ಹೊತ್ತಿಗೆ ಅದೇ ಫ್ರೀಜರಿನ ಮೇಲೆ ಊಟದ ಡಬ್ಬಿ ಇಟ್ಟುಕೊಂಡು ತಿನ್ನುತ್ತಾರೆ. ನನ್ನ ವಿಷಯ ಈ ಊರಿನ ನದಿಯ ನೀರುನಾಯಿ. ತಮಾಷೆ ಏನೆಂದರೆ, ನಾನು ಇಲ್ಲಿಗೆ ಬರುವ ಹೊತ್ತಿಗಾಗಲೇ ಆ ನದಿಯಲ್ಲಿ ಯಾರೂ ನೀರುನಾಯಿ ಕಂಡು ಬಹಳ ಕಾಲವಾಗಿತ್ತು. ಇದೆಯೋ ಇಲ್ಲವೋ ಎಂದು ಹುಡುಕುವುದೇ ನನ್ನ ಸಂಶೋಧನೆ. ದಡದ ಕೆಸರಿನಲ್ಲಿ ಹೆಜ್ಜೆ ಹುಡುಕಿದೆ, ಬಂಡೆ ಬಂಡೆಯನ್ನೂ ಮೂಸಿದೆ, ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಕಟ್ಟಿದೆ. ಹಂದಿ ಬಂತು, ಮುಂಗುಸಿ ಬಂತು, ಬಟ್ಟೆ ಒಗೆಯುವವರು ಬಂದರು, ಪ್ರೇಮಿಗಳು ಬಂದರು. ನೀರುನಾಯಿ ಮಾತ್ರ ಬರಲಿಲ್ಲ. ವಿಭಾಗದಲ್ಲಿ ನನ್ನ ಬೆನ್ನ ಹಿಂದೆ "ಇಲ್ಲದ ನಾಯಿ ಮೇಡಂ" ಅನ್ನುತ್ತಾರೆಂದು ನನಗೆ ಗೊತ್ತು. ನಿವೃತ್ತರಾಗುವ ದಿನ ನನ್ನ ಗೈಡ್ ತಲೆಯ ಮೇಲೆ ಕೈಯಿಟ್ಟು, "ಕಾಣಲಿಲ್ಲ ಅನ್ನೋದೂ ಉತ್ತರಾನೇ ಕಣಮ್ಮಾ" ಅಂದರು. ಆ ಉತ್ತರಕ್ಕೆ ಯಾರೂ ಖಾಯಂ ಹುದ್ದೆ ಕೊಡುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಈ ನಡುವೆ ನದಿಯ ಎರಡೂ ದಡಕ್ಕೆ ಕಾಂಕ್ರೀಟ್ ಗೋಡೆ ಕಟ್ಟಿ ಮೇಲೆ ರಸ್ತೆ ಮಾಡುವ ಯೋಜನೆ ಬಂತು. ನದಿ ಸಮಿತಿ ಇನ್ನೇನು ಒಪ್ಪಿಗೆ ಕೊಡುವುದರಲ್ಲಿತ್ತು. ಆಗಲೇ, ಮಳೆಗಾಲ ಮುಗಿದ ಮೇಲೆ ಒಂದು ದಿನ, ಹಳೇ ಸೇತುವೆಯ ಕಂಬಕ್ಕೆ ಕಟ್ಟಿದ್ದ ಕ್ಯಾಮೆರಾದ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿ ಸುಮ್ಮನೆ ಒತ್ತುತ್ತಾ ಹೋಗುತ್ತಿದ್ದೆ. ಖಾಲಿ ಬಂಡೆ, ಖಾಲಿ ಬಂಡೆ, ಖಾಲಿ ಬಂಡೆ. ಆಮೇಲೆ ಅದರ ಮೇಲೆ ಅದು. ಮೈಯೆಲ್ಲ ಒದ್ದೆ, ಕಾಲುಗಳು ಬಂಡೆಯ ಅಂಚಿನ ಮರೆಯಲ್ಲಿ, ಮೀಸೆಯಲ್ಲಿ ನೀರ ಹನಿ, ಕತ್ತು ಎತ್ತಿ ನೇರವಾಗಿ ನನ್ನನ್ನೇ ನೋಡುತ್ತಿದೆ.

ನಾನು ಕಿರುಚಿದ್ದು ಮಹಡಿಯ ಮೇಲಿನವರಿಗೂ ಕೇಳಿಸಿತಂತೆ. ಮುಂದಿನದು ನಿನಗೆ ಗೊತ್ತು. ಮುಖ್ಯಸ್ಥರು ಕೇಕ್ ತರಿಸಿದರು. ಪತ್ರಿಕೆಯವರು ಬಂದರು. ಸಮಿತಿ ಗೋಡೆಯ ಒಪ್ಪಿಗೆಯನ್ನು ತಡೆಹಿಡಿಯಿತು. ನಾನು ಬರೆದ ಲೇಖನವನ್ನು ದೊಡ್ಡ ವಿಜ್ಞಾನ ಪತ್ರಿಕೆಯೊಂದು ಒಪ್ಪಿಕೊಂಡಿತು. ಖಾಯಂ ಹುದ್ದೆಯ ಸಂದರ್ಶನಕ್ಕೆ ನನ್ನ ಹೆಸರೂ ಬಂತು. ಆ ದಿನ ಮನೆಗೆ ಓಡಿ ಬಂದು ಇವರಿಗೆ ಚಿತ್ರ ತೋರಿಸಿದಾಗ ನಾನು ಚಿಕ್ಕ ಹುಡುಗಿಯ ಹಾಗೆ ಕುಣಿದೆ. ಇವರು ಚಿತ್ರವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಮುಖ ನೋಡಿ ನಕ್ಕರು. ಆ ಎರಡು ನೋಟಗಳ ನಡುವೆ ಇವರ ಮುಖದಲ್ಲಿ ಏನೋ ಹಾದುಹೋಯಿತು, ನನಗೆ ಕಂಡಿತು ಕೂಡ. ಆದರೆ ನನಗೆ ಬೇಕಾದ್ದು ನಗು. ಅದನ್ನೇ ತೆಗೆದುಕೊಂಡೆ.

ಇವರು ಪ್ರಾಣಿ ರಕ್ಷಣಾ ಕೇಂದ್ರದ ಡಾಕ್ಟ್ರು ಎಂಬುದು ನಿನಗೆ ಹೊಸದಲ್ಲ. ಆದರೆ ತುಂಟಿಯ ವಿಷಯ ನಿನಗೆ ಹೇಳಿರಲಿಲ್ಲವೇನೋ. ದೂರದ ಯಾವುದೋ ಕೆರೆಯಲ್ಲಿ ಮೀನು ಬಲೆಗೆ ಸಿಕ್ಕು ಕಾಲು ಕೊಳೆತಿದ್ದ ನೀರುನಾಯಿಯ ಮರಿ ಅದು. ಇವರೇ ಅದರ ಎಡಗಾಲಿನ ಒಂದು ಬೆರಳು ಕತ್ತರಿಸಿ ತೆಗೆದು, ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದರು. ಕೇಂದ್ರದ ಕೊಳದಲ್ಲೇ ಬೆಳೆಯಿತು. ಮಳೆಗಾಲದ ಮಧ್ಯದಲ್ಲಿ ಒಂದು ಸಂಜೆ ಇವರು ಮನೆಗೆ ಬಂದು, "ತುಂಟಿ ಹೋಯ್ತು" ಅಂದರು. ಊಟ ಮಾಡಲಿಲ್ಲ. ನಾನು ಬೆನ್ನು ಸವರಿ ಸಮಾಧಾನ ಮಾಡಿದೆ.

ನನ್ನ ಲೇಖನವನ್ನು ಒಪ್ಪುವ ಮೊದಲು ಪರಿಶೀಲಕರೊಬ್ಬರು ಒಂದೇ ಒಂದು ಪ್ರಶ್ನೆ ಕೇಳಿದ್ದರು. ಇದು ಸಾಕಿದ ಪ್ರಾಣಿ ತಪ್ಪಿಸಿಕೊಂಡು ಬಂದದ್ದಲ್ಲ ಎಂಬುದಕ್ಕೆ ಏನು ಖಾತ್ರಿ? ನ್ಯಾಯವಾದ ಪ್ರಶ್ನೆ. ಬೆಳಗಿನ ತಿಂಡಿ ಹೊತ್ತಿನಲ್ಲಿ ಇವರನ್ನು ಕೇಳಿದೆ, "ಈ ಸುತ್ತಿನಲ್ಲಿ ಸಾಕಿದ್ದು ಅಂತ ಇದ್ದದ್ದು ತುಂಟಿ ಒಂದೇ ಅಲ್ವಾ? ಅದು ಸತ್ತದ್ದು ಖಂಡಿತ ತಾನೇ?" ಇವರು ಲೋಟದೊಳಗೆ ನೋಡುತ್ತಾ, "ಹೂಂ, ಸತ್ತುಹೋಯ್ತಲ್ಲ" ಅಂದರು. ನಾನು ಹೋಗಿ ಹಾಗೆಯೇ ಬರೆದೆ. ಈ ಪ್ರದೇಶದಲ್ಲಿ ಸಾಕಿದ್ದ ಏಕೈಕ ಪ್ರಾಣಿ ಮೃತಪಟ್ಟಿದೆ ಎಂದು. ಅಚ್ಚಾಗಿದೆ ಈಗ ಆ ವಾಕ್ಯ, ನನ್ನ ಹೆಸರಿನ ಕೆಳಗೆ.

ಅನುಮಾನ ಶುರುವಾದದ್ದು ಮೀನಿನ ತಲೆಯಿಂದ.

ಹೆಜ್ಜೆಯ ಅಚ್ಚು ಸಿಕ್ಕೀತೆಂದು ಸೇತುವೆಯ ಕೆಳಗೆ ಹೋಗಿದ್ದೆ. ಅಲ್ಲಿ ಬರೀ ಬಂಡೆ, ಅಚ್ಚು ನಿಲ್ಲುವಂಥ ಕೆಸರಿಲ್ಲ. ಬಂಡೆಯ ಸಂದಿಯಲ್ಲಿ ಮಾತ್ರ ಮೀನಿನ ತಲೆಗಳು ಬಿದ್ದಿದ್ದವು. ನೀರುನಾಯಿ ತಿಂದು ಬಿಟ್ಟಿದ್ದರೆ ಜಗಿದು ಸಿಗಿದ ಗುರುತಿರಬೇಕು. ಈ ತಲೆಗಳು ನೀಟಾಗಿ, ಒಂದೇ ಏಟಿಗೆ ಕತ್ತರಿಸಿದಂತಿದ್ದವು. ಚಾಕುವಿನ ಕೆಲಸ. ಯಾರೋ ಅದಕ್ಕೆ ಮೀನು ಹಾಕುತ್ತಿದ್ದಾರೆ. ಯಾರೋ, ತಾವು ಚಿತ್ರಕ್ಕೆ ಸಿಗದ ಹಾಗೆ, ಅದನ್ನು ನನ್ನ ಕ್ಯಾಮೆರಾದ ಮುಂದೆ ಕೂರಿಸಿದ್ದಾರೆ. ಚಿತ್ರ ಸಿಕ್ಕ ಮೇಲೆ ಕಳ್ಳರ ಭಯಕ್ಕೆ ಕ್ಯಾಮೆರಾವನ್ನು ಬಿಚ್ಚಿ ತಂದಿದ್ದೆ, ಇನ್ನು ಅದರಲ್ಲಿ ನೋಡುವಂತಿರಲಿಲ್ಲ.

ಅಂದಿನಿಂದ ನನಗೆ ಎಲ್ಲರ ಮೇಲೂ ಕಣ್ಣು. ಮೊದಲು ಬಿದ್ದದ್ದು ನಮ್ಮ ಮೀನು ಮೇಷ್ಟ್ರ ಮೇಲೆ. ನನ್ನ ಪಕ್ಕದ ಕೋಣೆಯವರು, ನದಿಯ ಸಣ್ಣ ಮೀನುಗಳ ಮೇಲೆ ಜೀವಮಾನವಿಡೀ ಕೆಲಸ ಮಾಡಿದವರು. ಗೋಡೆ ಎದ್ದರೆ ಅವರ ಮೀನುಗಳಿಗೂ ನೆಲೆ ಇಲ್ಲ, ಅವರ ಸಂಶೋಧನೆಗೂ ನೆಲೆ ಇಲ್ಲ. ಸಭೆಗಳಲ್ಲಿ ಗಂಟಲು ಹರಿದುಕೊಂಡಿದ್ದರು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಬೆರಳುದ್ದದ ಮೀನಿಗಾಗಿ ಯಾರು ರಸ್ತೆ ನಿಲ್ಲಿಸುತ್ತಾರೆ? ಮೀಸೆ ಇರುವ, ಮುದ್ದು ಮುಖದ ಪ್ರಾಣಿಯಾದರೆ ನಿಲ್ಲಿಸುತ್ತಾರೆ. ಅದು ಅವರಿಗೆ ಚೆನ್ನಾಗಿ ಗೊತ್ತು. ಅವರ ಪ್ರಯೋಗಾಲಯದ ತೊಟ್ಟಿಗಳಲ್ಲಿ ಮೀನು ಬೇರೆ ಇದೆ. ಎಲ್ಲಾ ಕೊಂಡಿಗಳೂ ಒಂದಕ್ಕೊಂದು ಸೇರಿಕೊಂಡವು. ಅವರು ಹೊರಗೆ ಹೋದರೆ ಎಲ್ಲಿಗೆ ಎಂದು ನೋಡುತ್ತಿದ್ದೆ. ಅವರ ಬೂಟಿನ ಕೆಸರು ಯಾವ ಬಣ್ಣದ್ದೆಂದು ನೋಡುತ್ತಿದ್ದೆ. ಅವರು "ಚಹಾ ಕುಡಿಯೋಣ್ವಾ ಮೇಡಂ" ಅಂದರೆ ಅದರಲ್ಲೂ ಏನೋ ಮಸಲತ್ತು ಕಾಣುತ್ತಿತ್ತು.

ಕೊನೆಗೆ ತಡೆಯಲಾರದೆ, ಆ ತಲೆಗಳನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ ಅವರ ಮೇಜಿನ ಮೇಲೆ ಬಿಚ್ಚಿದೆ. "ಇದು ನಿಮ್ಮ ತೊಟ್ಟಿಯದ್ದಾ ಸರ್?" ಎಂದು ಕೇಳಿದೆ. ನನ್ನ ಧ್ವನಿಯಲ್ಲೇ ಎಲ್ಲ ಇತ್ತು. ಅವರು ಕನ್ನಡಕ ಏರಿಸಿ ಮೀನನ್ನು ನೋಡಿದರು, ಇಳಿಸಿ ನನ್ನನ್ನು ನೋಡಿದರು.

"ಇದು ಸಮುದ್ರದ ಮೀನು ಮೇಡಂ. ಐಸ್ ಪೆಟ್ಟಿಗೇಲಿಟ್ಟದ್ದು, ಕಣ್ಣು ಬೆಳ್ಳಗಾಗಿದೆ ನೋಡಿ. ಸಗಟು ತಗೊಳ್ಳೋರು ಒಯ್ಯೋ ಸರಕು" ಅಂದರು. ಆಮೇಲೆ, "ನಾನು ಗೋಡೆ ವಿರುದ್ಧ ಕೂಗಾಡ್ತೀನಿ, ನಿಜ. ಆದ್ರೆ ನಿಮಗೆ ಸುಳ್ಳು ನೀರುನಾಯಿ ತಂದು ಕೊಡುವಷ್ಟು ಕೆಟ್ಟು ಹೋಗಿಲ್ಲ" ಅಂದರು. ನನ್ನ ಮುಖ ಎಲ್ಲಿಡಲಿ ಎಂದು ತಿಳಿಯಲಿಲ್ಲ. ಆ ತಲೆಗಳನ್ನು ಮತ್ತೆ ಸುತ್ತಿಕೊಳ್ಳುವುದಕ್ಕೂ ಕೈ ಬರಲಿಲ್ಲ. ಅವರೇ ಸುತ್ತಿ ಕೊಟ್ಟರು.

ಸಗಟು ತೆಗೆದುಕೊಳ್ಳುವವರು ಎಂಬ ಮಾತು ಮನೆಯವರೆಗೂ ನನ್ನ ಹಿಂದೆಯೇ ಬಂತು. ಪ್ರಾಣಿಗಳಿಗೆಂದು ಐಸಿನ ಮೀನನ್ನು ಮೂಟೆಗಟ್ಟಲೆ ತರಿಸುವ ಜಾಗ ಈ ಊರಿನಲ್ಲಿ ಒಂದೇ.

ನೀನು ನಗಬೇಡ ಅಕ್ಕ. ಇವರು ಕೆಲವು ತಿಂಗಳುಗಳಿಂದ ಬೆಳಕು ಹರಿಯುವ ಮೊದಲೇ ವಾಕಿಂಗ್ ಎಂದು ಹೊರಡುತ್ತಿದ್ದರು. ನಾನು ಸಂತೋಷಪಟ್ಟಿದ್ದೆ, ಅಂತೂ ಹೊಟ್ಟೆ ಕರಗಿಸುವ ಮನಸ್ಸಾಯಿತಲ್ಲ ಎಂದು. ಆದರೆ ವಾಕಿಂಗಿಗೆ ಕಾರು ಯಾಕೆ? ಪ್ಯಾಂಟಿನ ಮಂಡಿ ಒದ್ದೆಯಾಗುವುದು ಯಾಕೆ? ಒಂದು ದಿನ ಕಾರಿನ ಬಾಗಿಲು ತೆಗೆದು ತಲೆ ಒಳಗೆ ಹಾಕಿ ಮೂಸಿದೆ. ಗಂಡನ ಕಾರಿನಲ್ಲಿ ಹೆಂಡತಿಗೆ ಯಾರದೋ ಸೆಂಟಿನ ವಾಸನೆ ಬಂದಿದ್ದರೆ ನೆಟ್ಟಗೆ ಒಂದು ಜಗಳವಾದರೂ ಆಡಬಹುದಿತ್ತು. ನನಗೆ ಬಂದದ್ದು ಮೀನಿನ ವಾಸನೆ.

ಕೇಳಬಹುದಿತ್ತಲ್ಲ ಅನ್ನುತ್ತೀಯ. ಕೇಳಲಿಲ್ಲ. ಕಾಡಿನಲ್ಲಿ ಕಲಿತದ್ದನ್ನೇ ಮನೆಯಲ್ಲಿ ಮಾಡಿದೆ. ಸದ್ದು ಮಾಡದೆ ನೋಡುವುದು, ಗುರುತು ಕೂಡಿಸುವುದು, ಖಾತ್ರಿಯಾಗುವವರೆಗೆ ಬಾಯಿ ಬಿಡದಿರುವುದು. ಇವರು ಶೂ ಬಿಟ್ಟು ಒಳಗೆ ಹೋದ ಮೇಲೆ ಬಗ್ಗಿ ಅದರ ಅಡಿ ನೋಡುತ್ತಿದ್ದೆ. ಬಟ್ಟೆ ಒಗೆಯಲು ಹಾಕುವಾಗ ಜೇಬು ಮೂಸುತ್ತಿದ್ದೆ. ಪಕ್ಕದಲ್ಲಿ ಕುಳಿತು ಟೀವಿ ನೋಡುವಾಗ ಇವರು ಯಾವುದಕ್ಕೆ ನಗುತ್ತಾರೆ, ಯಾವುದಕ್ಕೆ ನಗುವುದಿಲ್ಲ ಎಂದು ಗಮನಿಸುತ್ತಿದ್ದೆ. ಇವರಿಗೂ ಗೊತ್ತಾಗಿತ್ತೋ ಏನೋ. ಒಮ್ಮೆ, "ಏನೇ, ನನ್ನನ್ನೇ ಹಂಗೆ ನೋಡ್ತಿದೀಯ, ನಾನೇನು ಅಳಿವಿನಂಚಿನ ಪ್ರಾಣೀನಾ?" ಅಂದರು. ನಾನು ನಕ್ಕೆ. ಇಬ್ಬರೂ ನಕ್ಕೆವು. ಅಷ್ಟು ಕೆಟ್ಟ ನಗುವನ್ನು ನಾವು ಯಾವತ್ತೂ ನಕ್ಕಿರಲಿಲ್ಲ.

ಕಳೆದ ಸೋಮವಾರ ಇವರು ಹೊರಟ ಸ್ವಲ್ಪ ಹೊತ್ತಿಗೆ ನಾನೂ ಸ್ಕೂಟರ್ ತೆಗೆದೆ. ಪಂಪ್‌ಹೌಸಿನ ಹಿಂದೆ ಗಾಡಿ ನಿಲ್ಲಿಸಿ, ಸೇತುವೆಯ ಕಂಬದ ಮರೆಯಲ್ಲಿ ನಿಂತೆ. ಆಗಷ್ಟೇ ಬೆಳಕು ಬರುತ್ತಿತ್ತು. ಇವರು ಪ್ಯಾಂಟು ಮಡಚಿಕೊಂಡು ಅದೇ ಬಂಡೆಯ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಪ್ಲಾಸ್ಟಿಕ್ ಡಬ್ಬಿ. ನಾಲಿಗೆಯಿಂದ ಮೆಲ್ಲಗೆ ಟಕ್ ಟಕ್ ಎಂದು ಸದ್ದು ಮಾಡಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ನೀರು ಸೀಳಿಕೊಂಡು ಒಂದು ಚಪ್ಪಟೆ ತಲೆ ಬಂತು, ಸಿಳ್ಳೆಯಂಥ ಸಣ್ಣ ಕೂಗು ಬಂತು, ಮರುಕ್ಷಣ ಅದು ಬಂಡೆ ಹತ್ತಿ ಇವರ ಮಂಡಿಯ ಮೇಲೆ ಮುಂಗಾಲಿಟ್ಟು ನಿಂತಿತು. ಎಡಗಾಲು. ಒಂದು ಬೆರಳು ಇಲ್ಲ.

ಅಕ್ಕ, ಈ ನದಿಯಲ್ಲಿ ನಾನು ಕಣ್ಣಾರೆ ಕಂಡ ಮೊದಲ ನೀರುನಾಯಿ ಅದು. ಎಷ್ಟು ಚೆಂದ ಇತ್ತು ಗೊತ್ತಾ? ಕತ್ತಿನ ಕೆಳಗೆ ತಿಳಿ ಬಣ್ಣ, ದಪ್ಪ ಬಾಲ, ಒದ್ದೆ ತುಪ್ಪಳದ ಮೇಲೆ ಬೆಳಗಿನ ಬೆಳಕು. ಈ ಗಳಿಗೆಗಾಗಿ ನಾನು ಯೌವನವನ್ನೆಲ್ಲ ಕೆಸರಿನಲ್ಲಿ ಕಳೆದಿದ್ದೆ. ಅದು ನನ್ನ ಗಂಡನ ಕೈಯಿಂದ ಮೀನು ತಿನ್ನುತ್ತಿತ್ತು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಇವರಿಗೆ ಕಾಣದ ಹಾಗೆ ವಾಪಸು ಬಂದುಬಿಟ್ಟೆ.

ಇವರು ಮನೆಗೆ ಬಂದು ಅಡುಗೆಮನೆಯ ನಲ್ಲಿಯಲ್ಲಿ ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ನಾನು ಚಹಾ ಸೋಸುತ್ತಾ, ಬೆನ್ನು ಹಾಕಿಕೊಂಡೇ ಕೇಳಿದೆ, "ತುಂಟಿ ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ, ಸ್ವಲ್ಪ ತೂಕ ಇಳಿದಿದೆ" ಅಂದರು. ಡಾಕ್ಟ್ರು ನೋಡು, ಬಾಯಿ ತಾನಾಗಿಯೇ ಹೇಳಿಬಿಟ್ಟಿತು. ಆಮೇಲೆ ಬರೀ ನೀರು ಬೀಳುವ ಸದ್ದು. ನಲ್ಲಿ ನಿಲ್ಲಿಸಿದವಳು ನಾನು.

ಹೇಳಿದರು. ಮಳೆಗಾಲದ ಗಾಳಿಗೆ ಮರದ ಕೊಂಬೆ ಮುರಿದು ಕೊಳದ ಜಾಲರಿಯ ಮೇಲೆ ಬಿತ್ತಂತೆ, ಜಾಲರಿ ಹರಿದು ತುಂಟಿ ತಪ್ಪಿಸಿಕೊಂಡಿತಂತೆ. ತಪ್ಪಿಸಿಕೊಂಡಿದೆ ಎಂದರೆ ಕೇಂದ್ರದ ಮಾನ ಹೋಗುತ್ತದೆ, ಸತ್ತಿದೆ ಎಂದು ದಾಖಲೆ ಬರೆಯಿರಿ ಎಂದು ಮೇಲಧಿಕಾರಿ ಹೇಳಿದರಂತೆ. ಇವರು ಬರೆದರಂತೆ. ಆಮೇಲೆ ಮನಸ್ಸು ತಡೆಯದೆ ನದಿಯುದ್ದಕ್ಕೂ ಹುಡುಕಿದರಂತೆ, ಸೇತುವೆಯ ಕೆಳಗೆ ಸಿಕ್ಕಿತಂತೆ. ಹಿಡಿದು ತರೋಣವೆಂದರೆ ದಾಖಲೆಯಲ್ಲಿ ಸತ್ತ ಪ್ರಾಣಿಯನ್ನು ತಂದು ಎಲ್ಲಿಡುವುದು? ಕೈಯಲ್ಲಿ ತಿಂದು ಬೆಳೆದದ್ದು, ಬೇಟೆ ಬರುವುದಿಲ್ಲ, ಅದಕ್ಕೆ ದಿನಾ ಮೀನು ಹಾಕುತ್ತಿದ್ದರಂತೆ.

ನೋಡು, ಒಂದೊಂದು ವಾಕ್ಯಕ್ಕೂ 'ಅಂತೆ' ಹಚ್ಚಿ ಬರೆಯುತ್ತಿದ್ದೇನೆ. ಕೈ ಬೇರೆ ಥರ ಬರೆಯಲು ಒಪ್ಪುತ್ತಿಲ್ಲ.

"ನಾನು ಲೇಖನಕ್ಕೆ ಅಂತ ಕೇಳಿದೆನಲ್ಲ, ಆವತ್ತು?" ಅಂದೆ.

"ಬಾಯಿ ತುದೀಗೆ ಬಂದಿತ್ತು ಕಣೇ. ನೀನು ಪೆನ್ನು ಹಿಡಕೊಂಡು ನಗ್ತಾ ನಿಂತಿದ್ದೆ. ನೀನು ಹಂಗೆ ನಕ್ಕು ಎಷ್ಟು ಕಾಲ ಆಗಿತ್ತು, ನಿನಗೆ ಗೊತ್ತಾ? ಆ ಮುಖ ನೋಡ್ಕೊಂಡು ನನ್ನ ಕೈಲಿ ಆಗಲಿಲ್ಲ."

"ನಗು ಉಳಿಸೋಕೆ ನನ್ನ ಹೆಸರು ಕಳೆದ್ರಾ?" ಅಂದೆ. ಚಹಾ ಆರಿಹೋಯಿತು.

ಮರುದಿನ ನಮ್ಮ ಮುಖ್ಯಸ್ಥರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ ಎಲ್ಲವನ್ನೂ ಹೇಳಿದೆ. ಅವರು ಕೆಟ್ಟವರಲ್ಲ ಅಕ್ಕ. ಬಹಳ ಹೊತ್ತು ಪೇಪರ್‌ವೇಟ್ ತಿರುಗಿಸುತ್ತಾ ಕುಳಿತಿದ್ದರು. "ನದಿ ಉಳೀತು. ನಿಮಗೆ ಕೆಲಸ ಆಗುತ್ತೆ. ಆ ಪ್ರಾಣೀನೂ ಬದುಕಿದೆ. ಇದರಲ್ಲಿ ಯಾರಿಗೆ ನಷ್ಟ ಆಯ್ತು ಹೇಳಿ? ಬರೋ ಮಂಗಳವಾರದ ಸಮಿತಿ ಸಭೆ ಮುಗೀಲಿ, ಸಂದರ್ಶನ ಮುಗೀಲಿ. ಆಮೇಲೆ ನಿಧಾನವಾಗಿ ನೋಡೋಣ" ಅಂದರು. ಎಷ್ಟು ಮೃದುವಾಗಿ ಹೇಳಿದರೆಂದರೆ ನನಗೂ ಹೌದಲ್ಲವೇ ಅನಿಸಿಬಿಟ್ಟಿತು. ಹೊರಗೆ ಬಂದು ಮೆಟ್ಟಿಲಿಳಿಯುವಾಗ ಇನ್ನೊಂದು ಯೋಚನೆ ಬಂತು. ಮುಖ್ಯಸ್ಥರಿಗೆ ಇದು ಮೊದಲೇ ಗೊತ್ತಿತ್ತೇ? ಆಶ್ಚರ್ಯವನ್ನೇ ತೋರಿಸಲಿಲ್ಲವಲ್ಲ! ಕೇಕ್ ತರಿಸಿದ ದಿನವೂ ಗೊತ್ತಿತ್ತೇ? ಹೀಗಾಗಿದೆ ನೋಡು ನನ್ನ ಸ್ಥಿತಿ. ಒಂದು ಸಲ ಅನುಮಾನ ಒಳಗೆ ಬಂದರೆ ಅದು ಎಲ್ಲ ಕುರ್ಚಿಗಳಲ್ಲೂ ಒಂದೊಂದು ಸಲ ಕೂತು ನೋಡುತ್ತದೆ.

ಅಲ್ಲಿಂದ ನೆಟ್ಟಗೆ ಮೀನು ಮೇಷ್ಟ್ರ ಕೋಣೆಗೆ ಹೋದೆ. ತಪ್ಪಾಯಿತು ಅಂದೆ, ಇದ್ದದ್ದನ್ನು ಹೇಳಿದೆ. ಅವರು ನನ್ನನ್ನು ಹಂಗಿಸಲಿಲ್ಲ. "ಸುಳ್ಳಿನ ಮೇಲೆ ನಿಂತ ನದಿ ಇವತ್ತಲ್ಲ ನಾಳೆ ಕುಸಿಯುತ್ತೆ ಮೇಡಂ. ಗೋಡೆ ಕಟ್ಟೋರಿಗೆ ಈ ವಿಷಯ ಮೊದಲು ಗೊತ್ತಾದ್ರೆ, ಆಮೇಲೆ ನಾವು ನಿಜ ಹೇಳಿದ್ರೂ ಯಾರೂ ನಂಬಲ್ಲ" ಅಂದರು. ಆಮೇಲೆ ತಮ್ಮ ತೊಟ್ಟಿಯ ಹತ್ತಿರ ಕರೆದುಕೊಂಡು ಹೋಗಿ, ಕಲ್ಲಿಗೆ ಅಂಟಿಕೊಂಡು ಕೂತ ಬೂದು ಬಣ್ಣದ ಒಂದು ಪುಟ್ಟ ಮೀನು ತೋರಿಸಿದರು. ಹಳೇ ಸೇತುವೆಯ ಕೆಳಗಿನ ಆ ಬಂಡೆಗಳ ಸಂದಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಅದು ಮೊಟ್ಟೆ ಇಡುವುದನ್ನು ಅವರು ಕಂಡಿಲ್ಲವಂತೆ. "ನೋಡೋಕೆ ಲಕ್ಷಣವಾಗಿಲ್ಲ, ಅದಕ್ಕೇ ಪಾಪ ಪತ್ರಿಕೆಯವರು ಬರಲ್ಲ" ಎಂದು ನಕ್ಕರು. ಇಷ್ಟು ಕಾಲ ಪಕ್ಕದ ಕೋಣೆಯಲ್ಲಿದ್ದೂ ನಾನು ಆ ತೊಟ್ಟಿಯ ಒಳಗೆ ಬಗ್ಗಿ ನೋಡಿರಲಿಲ್ಲ. ನಿನ್ನೆ ಮೊನ್ನೆ ಇಬ್ಬರೂ ಕುಳಿತು ಅವರ ಕೆಲಸವನ್ನು ಸಮಿತಿಗೆ ಅರ್ಥವಾಗುವ ಹಾಗೆ ಬರೆದೆವು. ನನ್ನ ಲೇಖನವನ್ನು ಹಿಂತೆಗೆದುಕೊಳ್ಳುತ್ತೇನೆಂದು ಆ ವಿಜ್ಞಾನ ಪತ್ರಿಕೆಗೂ ಬರೆದಿಟ್ಟಿದ್ದೇನೆ. ಇನ್ನೂ ಕಳಿಸಿಲ್ಲ.

ಯಾಕೆ ಕಳಿಸಿಲ್ಲವೆಂದರೆ, ನಾನು ಸಭೆಯಲ್ಲಿ ಎದ್ದು ನಿಂತ ಕ್ಷಣವೇ ಇವರ ಕೆಲಸ ಹೋಗುತ್ತದೆ. ಇವರಿಗೆ ಹೇಳಿದೆ, ಮಂಗಳವಾರ ಹೇಳಿಬಿಡ್ತೀನಿ ಎಂದು. "ಹೇಳು" ಅಂದರು. ಅಷ್ಟೇ. ಬೇಡ ಅನ್ನಲಿಲ್ಲ, ಬೈಯಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಅದೇ ನನಗೆ ಇನ್ನಷ್ಟು ಚುಚ್ಚುತ್ತಿದೆ. ಇಷ್ಟು ಸುಲಭವಾಗಿ ಒಪ್ಪಿಕೊಳ್ಳುವವರು ಇನ್ನೂ ಏನನ್ನೋ ಉಳಿಸಿಕೊಂಡಿರುತ್ತಾರೆ ಅನಿಸುತ್ತದೆ. ಇವರು ಹೇಳಿದ್ದನ್ನು ನಂಬಿದ್ದೇನೆ ಅಕ್ಕ. ಕೊಂಬೆ ಬಿತ್ತು, ಜಾಲರಿ ಹರಿಯಿತು. ನಂಬಿದ್ದೇನೆ.

ಮಗಳ ಮಾತಿಗೆ ಬರುತ್ತೇನೆ. ಕಳಿಸು. ಆದರೆ ಇದನ್ನೆಲ್ಲ ಅವಳಿಗೆ ಹೇಳಿ ಕಳಿಸು. ಬೇಕಾದ್ದು ಕಣ್ಣಿಗೆ ಬಿದ್ದಾಗಲೇ ಹೆಚ್ಚು ಅನುಮಾನ ಪಡಬೇಕಾದ ಕೆಲಸ ಇದು ಎಂದು ಹೇಳು. ಆ ಅಭ್ಯಾಸವನ್ನು ಚಪ್ಪಲಿಯ ಹಾಗೆ ಬಾಗಿಲ ಹೊರಗೆ ಬಿಟ್ಟು ಬರಲು ಆಗುವುದಿಲ್ಲ ಎಂಬುದನ್ನೂ ಹೇಳು. ಗೋಡೆಗೆ ಅಂಟಿಸಿರುವ ಆ ಚಿತ್ರವನ್ನು ಅವಳೇ ಕೀಳಲಿ, ನೀನು ಕೀಳಬೇಡ.

ಭಾವನಿಗೆ ಈಗಲೇ ಏನೂ ಹೇಳಬೇಡ. ಅವರು ಇವರಿಗೆ ಫೋನ್ ಮಾಡಿ ಬುದ್ಧಿ ಹೇಳಲು ಶುರುಮಾಡುತ್ತಾರೆ. ನಿನ್ನ ಮಂಡಿನೋವಿಗೆ ಕೊಟ್ಟ ಮಾತ್ರೆಯನ್ನು ಊಟ ಆದ ಮೇಲೆಯೇ ತೆಗೆದುಕೋ, ಖಾಲಿ ಹೊಟ್ಟೆಗೆ ಬೇಡ.

ಇನ್ನೂ ನಿನ್ನ ಬೈಗುಳಕ್ಕೆ ಹೆದರುವ,
ತಂಗಿ

ಮರೆತ ಮಾತು, ಬುಧವಾರ:

ಕಾಗದವನ್ನು ಅಂಚೆಗೆ ಹಾಕದೆ ಚೀಲದಲ್ಲೇ ಇಟ್ಟುಕೊಂಡಿದ್ದೆ. ಮರೆತ ಮಾತು ಎಂದು ಬರೆದೆ, ಮರೆತಿರಲಿಲ್ಲ. ಬೇಕೆಂದೇ ಬಿಟ್ಟಿದ್ದೆ. ಶುಕ್ರವಾರ ಇವರಿಗೆ ಹೇಳದೆ ರಕ್ಷಣಾ ಕೇಂದ್ರಕ್ಕೆ ಹೋಗಿ ಆ ಕೊಳ ನೋಡಿ ಬಂದಿದ್ದೆ. ಅದರ ಹತ್ತಿರ ಮರವೇ ಇಲ್ಲ. ಜಾಲರಿಯ ಒಂದು ತಂತಿಯೂ ಹರಿದಿಲ್ಲ, ಎಲ್ಲ ಹಳೇ ತುಕ್ಕು, ಅದರ ತುಂಬ ಹಳೇ ಬಳ್ಳಿ. ಅದನ್ನು ನಿನಗೂ ಬರೆಯಲಿಲ್ಲ, ಇವರನ್ನೂ ಕೇಳಲಿಲ್ಲ. ಸಭೆಯಲ್ಲೂ ಇವರು ನನಗೆ ಹೇಳಿದಷ್ಟನ್ನೇ ಹೇಳುವುದೆಂದು ತೀರ್ಮಾನ ಮಾಡಿದ್ದೆ.

ನಿನ್ನೆ ನಾನು ಮಾತಾಡಲು ಏಳುವಷ್ಟರಲ್ಲಿ ಹಿಂದಿನ ಸಾಲಿನಿಂದ ಇವರು ಎದ್ದು ನಿಂತರು. ಬಂದಿದ್ದಾರೆಂದೇ ನನಗೆ ಗೊತ್ತಿರಲಿಲ್ಲ. "ಆ ಪ್ರಾಣಿ ತಪ್ಪಿಸ್ಕೊಂಡದ್ದಲ್ಲ. ನಾನೇ ಕಾರಲ್ಲಿ ತಂದು ಬಿಟ್ಟೆ. ಸತ್ತಿದೆ ಅಂತ ಬರೆದದ್ದೂ ನಾನೇ, ನಮ್ಮ ಮೇಲಧಿಕಾರಿಗೆ ಏನೂ ಗೊತ್ತಿಲ್ಲ. ನನ್ನ ಹೆಂಡತಿಗೂ ಸುಳ್ಳು ಹೇಳಿದ್ದೆ" ಅಂದರು. ಯಾಕೆ ಎಂದು ಅಧ್ಯಕ್ಷರು ಕೇಳಿದರು. ತುಂಟಿಯನ್ನು ಯಾವುದೋ ಮಳಿಗೆಯ ಗಾಜಿನ ತೊಟ್ಟಿಗೆ ಪ್ರದರ್ಶನಕ್ಕೆ ಕಳಿಸುವ ಮಾತು ನಡೆದಿತ್ತಂತೆ, ನೋಡಲಾಗಲಿಲ್ಲ ಅಂದರು. ಆಮೇಲೆ ನಾನೂ ಎದ್ದು ನಿಂತು ನನ್ನ ಲೇಖನ ತಪ್ಪು ಅಂದೆ. ಮೀನು ಮೇಷ್ಟ್ರು ತಮ್ಮ ಮೀನಿನ ಮಾತು ಹೇಳಿದರು. ಗೋಡೆಯ ತೀರ್ಮಾನವನ್ನು ಮುಂದಕ್ಕೆ ಹಾಕಿದ್ದಾರೆ, ಬಂಡೆಗಳನ್ನು ನೋಡಲು ಬರುತ್ತಾರಂತೆ. ಗೆದ್ದೆವೆಂದಲ್ಲ. ಇವರನ್ನು ಕೆಲಸದಿಂದ ಅಮಾನತು ಮಾಡಿದ್ದಾರೆ. ಸಂದರ್ಶನದ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಲೇಖನ ಹಿಂತೆಗೆದುಕೊಳ್ಳುವ ಪತ್ರ ಇವತ್ತು ಬೆಳಿಗ್ಗೆ ಹೋಯಿತು.

ಸಭೆಯಲ್ಲಿ ಯಾರೂ ಕೇಳದ ಪ್ರಶ್ನೆ ಒಂದು ಉಳಿದಿದೆ. ನದಿ ಅಷ್ಟು ಉದ್ದ ಇದೆ. ನನ್ನ ಕ್ಯಾಮೆರಾ ಎಲ್ಲಿತ್ತೆಂದು ಇವರಿಗೆ ಚೆನ್ನಾಗಿ ಗೊತ್ತು, ಕಂಬಕ್ಕೆ ಅದನ್ನು ಕಟ್ಟುವಾಗ ಏಣಿ ಹಿಡಿದವರು ಇವರೇ. ತುಂಟಿಯನ್ನು ಉಳಿಸುವುದಷ್ಟೇ ಆಗಿದ್ದರೆ ಎಲ್ಲಿ ಬೇಕಾದರೂ ಬಿಡಬಹುದಿತ್ತು. ಅದೇ ಬಂಡೆ ಯಾಕ್ರೀ ಎಂದು ಕೇಳಬೇಕೆಂದು ನಿನ್ನೆ ದಾರಿಯುದ್ದಕ್ಕೂ ಬಾಯಿ ತೆರೆದೆ. ಮನೆಗೆ ಬಂದೆವು. ಇವರು ಶೂ ಬಿಚ್ಚಿ, ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಕುಳಿತರು. ನಾನು ಚಹಾ ಮಾಡಿ ತಂದು ಪಕ್ಕದಲ್ಲಿ ಕುಳಿತೆ.

ಇನ್ನೂ ಕೇಳಿಲ್ಲ.